ನಕ್ಷೆಯೂ ಮಾದರಿಯೂ

ಮಲೆನಾಡಿನಲ್ಲಿ ಹೆಂಚಿನ ಮನೆ ಕಟ್ಟಿಸಿದವರಿಗೆಲ್ಲ ಮೂಲೆಪಕಾಸಿಯ ಪರಿಚಯ ಉಂಟು. ನಾಲ್ಕು ಕಡೆಗೂ ಇಳಿಜಾರಾದ ಮಾಡಿನಲ್ಲಿ, ಎರಡು ಇಳಿಜಾರುಗಳು ಕೂಡುವ ಅಂಚಿನ ಉದ್ದಕ್ಕೂ, ನೆತ್ತಿಯಿಂದ ಸೂರಿನ ಮೂಲೆಯವರೆಗೆ ಓರೆಯಾಗಿ ಇಳಿದು ಬರುವ ಮರವೇ ಅದು. ಆ ಮರದ ಉದ್ದ ಎಷ್ಟಿರಬೇಕು? ಪ್ರಶ್ನೆ ಬಹು ಸುಲಭವೆಂದು ತೋರುತ್ತದೆ. ನಕ್ಷೆಯನ್ನು ಬಿಡಿಸಿ ಅಳತೆಪಟ್ಟಿ ಇಟ್ಟಾಗ ಮಾತ್ರ ಅದರ ತೊಡಕು ತಿಳಿಯುತ್ತದೆ.

ಗೋಡೆಯ ಮೂಲೆಯಿಂದ ನೆತ್ತಿಯ ನೇರಕ್ಕೆ ಉದ್ದದಲ್ಲಿ ೧೦ ಅಡಿ, ಅಗಲದಲ್ಲಿ ೧೦ ಅಡಿ, ಮತ್ತು ನೆತ್ತಿಯ ಎತ್ತರ ೭ ಅಡಿ ಎಂದಿಟ್ಟುಕೊಳ್ಳೋಣ. ಮೇಲಿನಿಂದ ನೋಡಿದಂತೆ ಬರೆದ ತಳನಕ್ಷೆಯಲ್ಲಿ ಮೂಲೆಪಕಾಸಿಯನ್ನು ಅಳೆದರೆ ೧೪ ಅಡಿಗಿಂತ ತುಸು ಹೆಚ್ಚು ಬರುತ್ತದೆ. ಎದುರಿನಿಂದ ನೋಡಿದಂತೆ ಬರೆದ ನಕ್ಷೆಯಲ್ಲಿ ಅಳೆದರೆ ೧೨ ಅಡಿಗಿಂತ ತುಸು ಹೆಚ್ಚು. ನಿಜವಾಗಿ ಬೇಕಾದ ಮರದ ಉದ್ದವಾದರೋ ೧೫ ಅಡಿ ೯ ಅಂಗುಲ! ಎರಡು ನಕ್ಷೆಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಎರಡರಲ್ಲಿಯೂ ಆ ಮರ ಓರೆಯಾಗಿ ನಿಂತಿರುವುದರಿಂದ ಕುಗ್ಗಿ ಕಾಣುತ್ತದೆ. ಹದಿನಾಲ್ಕು ಅಡಿಯ ಮರ ಕೊಯ್ಸಿಕೊಂಡು ಬಂದವನಿಗೆ ನಷ್ಟ. ಹೇಗೋ ತುಂಡು ಸೇರಿಸಿ ಕೂರಿಸಿದರೆ ಆಷಾಢದ ಮಳೆಗೆ ಮೊದಲು ಸೋರುವುದೂ ಅದೇ ಮೂಲೆ.

ಅನುಭವಶಾಲಿಯಾದ ಬಡಗಿ ಈ ಮೋಸಕ್ಕೆ ಒಳಗಾಗುವುದಿಲ್ಲ. ಅವನು ನೆಲದ ಮೇಲೆ ಗೆರೆ ಎಳೆದು, ರೀಪುಗಳನ್ನು ಅಡ್ಡ ನಿಲ್ಲಿಸಿ, ಆ ಮೂಲೆಯ ಒಂದು ಸಣ್ಣ ರೂಪವನ್ನೇ ಕಟ್ಟಿ ನೋಡುತ್ತಾನೆ. ಎಂದರೆ, ಕಾಗದ ಹೇಳದೆ ಬಿಟ್ಟುದನ್ನು ಮಾದರಿಯಿಂದ ಕೇಳಿ ತಿಳಿಯುತ್ತಾನೆ. ಕಟ್ಟಡಗಳ ಚರಿತ್ರೆಯಲ್ಲಿ ನಕ್ಷೆಗೂ ಮಾದರಿಗೂ ಇರುವ ಈ ಸಂಬಂಧ ಬಹಳ ಹಳೆಯದು. ನಮ್ಮ ಶಿವಮೊಗ್ಗೆ, ಭದ್ರಾವತಿಗಳ ಸುತ್ತಿನ ಸೀಮೆಯಲ್ಲಿಯೇ ಅದರ ಹಲವು ಘಟ್ಟಗಳನ್ನು ಗುರುತಿಸಬಹುದು. ಗಣಕಯಂತ್ರದೊಳಗೆ ಇಡೀ ಕಟ್ಟಡದ ಮಾದರಿಯನ್ನು ಕಟ್ಟುವ ಈ ದಿನಗಳಲ್ಲಿ ಆ ಚರಿತ್ರೆಯನ್ನು ಒಮ್ಮೆ ನೆನೆಯುವುದು ಅನುಚಿತವಾಗಲಾರದು.

ಮೊದಲು ಕಲ್ಲಿನ ಕಾಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಒಂದು ಕಾಲಕ್ಕೆ ವಿದ್ಯೆಗೂ ಶಿಲ್ಪಕ್ಕೂ ಹೆಸರಾಗಿದ್ದ ರಾಜಧಾನಿ. ಅಲ್ಲಿಯ ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳು ಇಂದಿಗೂ ನಿಂತಿವೆ. ಆ ಊರಿನ ದಾಸೋಜ ಮತ್ತು ಅವನ ಮಗ ಚಾವಣ ಎಂಬ ಶಿಲ್ಪಿಗಳು ಹೊಯ್ಸಳ ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕೆಲಸ ಮಾಡಿದರು. ಅವರು ಕೆತ್ತಿದ ಮದನಿಕೆಯರನ್ನು ಎಲ್ಲರೂ ಕೊಂಡಾಡುತ್ತಾರೆ. ಅದೇ ಗುಡಿಯ ಬಾಗಿಲುಗಳ ಮೆಟ್ಟಿಲ ಎರಡು ಬದಿಗಳಲ್ಲಿ ನಿಂತಿರುವ ಸಣ್ಣ ಗುಡಿಗಳನ್ನು ನಿಂತು ನೋಡುವವರು ವಿರಳ. ಮನುಷ್ಯನ ಎತ್ತರಕ್ಕಿಂತ ಬಹಳ ಹೆಚ್ಚೇನೂ ಇಲ್ಲದ ಆ ಗುಡಿಗಳಿಗೆ ಅಧಿಷ್ಠಾನವುಂಟು, ಗೋಡೆಯುಂಟು, ಮೇಲೆ ಪೂರ್ಣವಾದ ಶಿಖರವೂ ಉಂಟು.

ಚೆನ್ನಕೇಶವನ ಗರ್ಭಗುಡಿಯ ಮೇಲಿದ್ದ ಶಿಖರ ಇಂದಿಲ್ಲ. ಅದು ಹೇಗಿದ್ದಿರಬೇಕೆಂದು ಊಹಿಸಹೊರಟ ವಿದ್ವಾಂಸರು ಎಲ್ಲಿ ನೋಡಿದರು ಗೊತ್ತೆ? ಈ ಸಣ್ಣ ಗುಡಿಗಳ ಕಡೆಗೆ. ದೊಡ್ಡ ಶಿಖರದ ರೂಪವೇ ಇವುಗಳ ತಲೆಯ ಮೇಲೆ ಉಳಿದಿರಬಹುದೆಂದು ಅವರ ತರ್ಕ. ಮೂಲ ಹೋಗಿ ಪ್ರತಿಕೃತಿ ಉಳಿದು, ಹೋದದ್ದರ ಸಾಕ್ಷಿಯನ್ನು ಹೇಳುತ್ತಿರುವ ಸನ್ನಿವೇಶ ಇದು. ಕಾಗದದ ಮೇಲೆಯೋ ತಾಳೆಗರಿಯ ಮೇಲೆಯೋ ಬರೆದ ನಕ್ಷೆ ಇದ್ದಿದ್ದರೂ ಒಂಬೈನೂರು ವರ್ಷಗಳ ಮಳೆಗಾಲವನ್ನು ಅದು ದಾಟಿ ಬರುತ್ತಿರಲಿಲ್ಲ.

ನಿಜವಾಗಿ ನೋಡಿದರೆ ನಮ್ಮ ದೇವಾಲಯ ಶಿಲ್ಪದಲ್ಲಿ ಮಾದರಿಯೆಂಬುದು ಕಟ್ಟಡದಿಂದ ಹೊರಗಿನ ವಸ್ತುವೇ ಅಲ್ಲ. ದ್ರಾವಿಡ ವಿಮಾನದ ಒಂದೊಂದು ಅಂತಸ್ತನ್ನೂ ಗಮನಿಸಿರಿ. ಮೂಲೆಗಳಲ್ಲಿ ಚೌಕನೆಯ ಕೂಟಗಳು, ನಡುವೆ ಉದ್ದನೆಯ ಶಾಲೆಗಳು ಸಾಲಾಗಿ ಕುಳಿತಿರುತ್ತವೆ. ಕೂಟವೆಂದರೆ ಒಂದು ಸಣ್ಣ ಗುಡಿ; ಶಾಲೆಯೆಂದರೆ ಕಮಾನು ಮಾಡಿನ ಇನ್ನೊಂದು ಸಣ್ಣ ಗುಡಿ. ಹೀಗೆ ಸಣ್ಣ ಗುಡಿಗಳನ್ನು ಹಂತಹಂತವಾಗಿ ಪೇರಿಸಿ ದೊಡ್ಡ ಗುಡಿ ಆಗಿದೆ. ತರೀಕೆರೆಯ ಬಳಿಯ ಅಮೃತಾಪುರದಲ್ಲಿ, ಎರಡನೆಯ ವೀರಬಲ್ಲಾಳನ ಕಾಲದಲ್ಲಿ ೧೧೯೬ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಹೊರಗೋಡೆಯಲ್ಲಿ ಕಂಬಗಳ ತಲೆಯ ಮೇಲೆ ಪುಟ್ಟ ಪುಟ್ಟ ಗೋಪುರಗಳನ್ನು ಕೆತ್ತಿರುವುದು ಕಾಣುತ್ತದೆ. ಭದ್ರಾವತಿಯ ಹಳೆಯ ಊರಿನ ಲಕ್ಷ್ಮೀನರಸಿಂಹ ದೇವಾಲಯವು ಹೊಯ್ಸಳರ ಕಾಲದ ತ್ರಿಕೂಟ. ಒಂದು ನವರಂಗಕ್ಕೆ ಮೂರು ಗರ್ಭಗುಡಿಗಳು. ಇಂತಹ ಗುಡಿಗಳಲ್ಲಿ ಹೊಸದಾಗಿ ಕೆಲಸಕ್ಕೆ ಬಂದ ಎಳೆಯ ಶಿಲ್ಪಿಯು ಮುಂದೆ ತಾನು ದೊಡ್ಡದಾಗಿ ಕಟ್ಟಬೇಕಾದುದನ್ನು ಮೊದಲು ಮೊಳದುದ್ದದಲ್ಲಿ ತನ್ನ ಕೈಯಿಂದಲೇ ಕೆತ್ತುತ್ತಿದ್ದ. ಅವನು ನೋಡಬೇಕಾದ ಪಾಠ ಅವನ ಎದುರಿನ ಗೋಡೆಯಲ್ಲಿಯೇ ಇತ್ತು.

ಮಾದರಿಯೊಂದಿದ್ದರೆ ಸಾಲದು, ಅಳತೆಯೂ ಬೇಕು. ಅಳತೆಯಿಲ್ಲದ ಮಾದರಿ ಮಕ್ಕಳ ಆಟಿಕೆಯಾಗುತ್ತದೆ. ಸಾಗರದ ಬಳಿಯ ಇಕ್ಕೇರಿಯ ಅಘೋರೇಶ್ವರ ದೇವಾಲಯಕ್ಕೆ ಈ ವಿಷಯದಲ್ಲಿ ಒಂದು ವಿಶೇಷವುಂಟು. ಕೆಳದಿಯ ಅರಸರ ಆಳಿಕೆಯಲ್ಲಿ ಅಡಿಕೆ ತೋಟಗಳನ್ನು ಅಳೆಯುವ ದಾಯವೆಂಬ ಕೋಲಿಗೆ ಆ ದೇವಾಲಯದ ಕಂಬಗಳ ನಡುವಣ ಅಂತರವೇ ಪ್ರಮಾಣವಾಗಿತ್ತು. ಇಂದಿನ ಲೆಕ್ಕದಲ್ಲಿ ಅದು ೧೮ ಅಡಿ ೬ ಅಂಗುಲ. ಶಿವಪ್ಪನಾಯಕನ ಶಿಸ್ತು ಎಂದು ಇಂದಿಗೂ ಜನ ನೆನೆಯುವ ಕಂದಾಯದ ಏರ್ಪಾಡಿನ ಹಿಂದೆ ಇಂತಹ ಒಂದು ಕಲ್ಲಿನ ಅಳತೆ ನಿಂತಿತ್ತು. ಕೋಲು ಮುರಿಯಬಹುದು, ಸವೆಯಬಹುದು. ಅನುಮಾನ ಬಂದಾಗ ಗುಡಿಗೆ ಹೋಗಿ ಕಂಬಗಳ ನಡುವೆ ಹಿಡಿದು ನೋಡಬಹುದು. ಎಲ್ಲರೂ ಒಪ್ಪಿದ ಒಂದು ಮೂಲ, ಅದರಿಂದ ಹೊರಟ ಬೇರೆಲ್ಲ ಅಳತೆಗಳು. ಈ ತತ್ವವನ್ನು ನೆನಪಿನಲ್ಲಿಡೋಣ. ಮುಂದೆ ಇದು ಮತ್ತೆ ಬರುತ್ತದೆ.

ಹೀಗಿದ್ದ ಮೇಲೆ ಕಾಗದದ ನಕ್ಷೆ ಮೇಲುಗೈ ಪಡೆದುದು ಹೇಗೆ? ಯೂರೋಪಿನಲ್ಲಿಯೂ ಬಹುಕಾಲ ಮಾದರಿಗೇ ಗೌರವ. ಲಂಡನ್ನಿನ ಸಂತ ಪಾಲರ ದೇವಾಲಯಕ್ಕಾಗಿ ಕ್ರಿಸ್ಟೋಫರ್ ರೆನ್ ೧೬೭೩-೭೪ರಲ್ಲಿ ಮಾಡಿಸಿದ ಮರದ ದೊಡ್ಡ ಮಾದರಿ ಒಳಗೆ ತಲೆ ಹಾಕಿ ನೋಡುವಷ್ಟು ದೊಡ್ಡದು. ಅದು ಇಂದಿಗೂ ಉಳಿದಿದೆ. ಆದರೆ ಅಂತಹ ಒಂದು ಮಾದರಿಯ ಬೆಲೆಗೆ ಒಂದು ಒಳ್ಳೆಯ ಮನೆಯನ್ನೇ ಕಟ್ಟಬಹುದಾಗಿತ್ತು. ಅದನ್ನು ಗಾಡಿಯ ಮೇಲೆ ಊರಿಂದೂರಿಗೆ ಒಯ್ಯುವಂತಿರಲಿಲ್ಲ. ಹತ್ತು ಜನ ಗುತ್ತಿಗೆದಾರರಿಗೆ ಹತ್ತು ಪ್ರತಿ ಕೊಡುವಂತಿರಲಿಲ್ಲ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಗಾಸ್ಪಾರ್ ಮೋಂಜ್ ಎಂಬ ಗಣಿತಜ್ಞ ಇದಕ್ಕೊಂದು ದಾರಿ ತೋರಿಸಿದ. ಯಾವುದೇ ಘನವಸ್ತುವನ್ನು ಮೇಲಿನಿಂದ ಒಂದು, ಎದುರಿನಿಂದ ಒಂದು, ಹೀಗೆ ಒಂದಕ್ಕೊಂದು ಲಂಬವಾದ ನೋಟಗಳಲ್ಲಿ ಬರೆದರೆ, ಆ ನೋಟಗಳನ್ನು ಕೂಡಿಸಿ ಅದರ ನಿಜವಾದ ಉದ್ದ, ಕೋನ ಎಲ್ಲವನ್ನೂ ಕಾಗದದ ಮೇಲೆಯೇ ಕಂಡುಹಿಡಿಯಬಹುದೆಂದು ಅವನು ಸಿದ್ಧಪಡಿಸಿದ. ಕೋಟೆ ಕಟ್ಟುವ ಕೆಲಸಕ್ಕೆ ಇದು ಎಷ್ಟು ಉಪಯುಕ್ತವಾಗಿತ್ತೆಂದರೆ, ಫ್ರೆಂಚ್ ಸೈನ್ಯ ಅದನ್ನು ಹಲವು ವರ್ಷ ಗುಟ್ಟಾಗಿಯೇ ಇಟ್ಟಿತ್ತು. ೧೭೯೯ರಲ್ಲಿ ಅವನ ಪಾಠಗಳು ಪುಸ್ತಕವಾಗಿ ಹೊರಬಿದ್ದವು. ನಮ್ಮ ಮೂಲೆಪಕಾಸಿಯ ನಿಜವಾದ ಉದ್ದವನ್ನೂ ಮೋಂಜನ ವಿಧಾನದಿಂದ ತೆಗೆಯಬಹುದು. ೧೮೪೨ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ನೀಲಿ ಮುದ್ರಣದ ರಸಾಯನವು ಮುಂದೆ ನಕ್ಷೆಗಳಿಗೆ ಒದಗಿಬಂತು. ಒಂದು ಮೂಲದಿಂದ ಎಷ್ಟು ಪ್ರತಿ ಬೇಕಾದರೂ ಬಿಸಿಲಿನಲ್ಲಿ ತೆಗೆಯುವುದು ಸಾಧ್ಯವಾಯಿತು. ನೀಲಿನಕ್ಷೆ ಎಂಬ ಮಾತು ನಮ್ಮ ಭಾಷೆಗೂ ಬಂದದ್ದು ಹಾಗೆ.

ಕಾಗದ ಗೆದ್ದುದು ನ್ಯಾಯವಾಗಿಯೇ. ಅದು ಅಗ್ಗ, ಹಗುರ, ಅಳೆಯಲು ನಿಖರ; ಸಹಿ ಹಾಕಿ ಕರಾರಿಗೆ ಅಂಟಿಸಲು ಅನುಕೂಲ. ಆದರೆ ಈ ಗೆಲುವಿಗೆ ಒಂದು ಬೆಲೆ ತೆರಬೇಕಾಯಿತು. ಮೋಂಜನ ನೋಟಗಳನ್ನು ಓದುವುದು ಒಂದು ವಿದ್ಯೆ. ಮೂರು ಚಪ್ಪಟೆ ಚಿತ್ರಗಳನ್ನು ನೋಡಿ, ಮನಸ್ಸಿನಲ್ಲಿ ಅವನ್ನು ಮಡಚಿ ನಿಲ್ಲಿಸಿ, ಒಂದು ಘನರೂಪವನ್ನು ಕಾಣಬೇಕು. ಶಾಲೆಯಲ್ಲಿ ಆ ವಿದ್ಯೆ ಕಲಿತವನು ಕಚೇರಿಯಲ್ಲಿ ಕುಳಿತ. ಕಲಿಯದವನು ಕೈಯಲ್ಲಿ ಕರಣೆ ಹಿಡಿದು ಕಟ್ಟಡದ ಮೇಲೆ ನಿಂತ. ಶಿಲ್ಪಿಯ ಕಾಲದಲ್ಲಿ ಯೋಚಿಸುವವನಿಗೂ ಕಟ್ಟುವವನಿಗೂ ಎದುರಿಗೆ ಒಂದೇ ವಸ್ತುವಿತ್ತು. ಈಗ ಇಬ್ಬರ ನಡುವೆ ಒಂದು ಹಾಳೆ ಬಂತು, ಮತ್ತು ಆ ಹಾಳೆಯನ್ನು ಪೂರ್ತಿ ಓದಬಲ್ಲವನು ಒಬ್ಬನೇ.

ಭದ್ರಾವತಿಯ ಚರಿತ್ರೆ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಬೆಂಕಿಪುರವೆಂದು ಕರೆಯುತ್ತಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನವು ಕಬ್ಬಿಣದ ಕಾರ್ಖಾನೆಯನ್ನು ಕಟ್ಟಲು ತೊಡಗಿದುದು ೧೯೧೮ರಲ್ಲಿ. ಕುಲುಮೆಯಿಂದ ಕಬ್ಬಿಣ ಹರಿದುದು ೧೯೨೩ರಲ್ಲಿ. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಮಲೆನಾಡಿನ ಕಾಡಿನ ಇದ್ದಿಲಿನಿಂದ ಕಬ್ಬಿಣ ಕಾಯಿಸುವ ಸಾಹಸವದು. ಕೆಮ್ಮಣ್ಣುಗುಂಡಿಯಿಂದ ಅದಿರು ಬರಬೇಕು. ಸುತ್ತಿನ ಕಾಡಿನಿಂದ ಸೌದೆ ಬರಬೇಕು. ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಸಂಸ್ಥೆಯವರು ಸಲಹೆಗಾರರಾಗಿದ್ದರು. ೧೯೨೩ರಿಂದ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಅದನ್ನು ಎತ್ತಿ ನಿಲ್ಲಿಸಿದರು. ಸಾವಿರಾರು ಮೈಲಿ ದೂರದಲ್ಲಿ ಕುಳಿತವರ ಆಲೋಚನೆಯನ್ನು ಭದ್ರಾ ತೀರದಲ್ಲಿ ಕಬ್ಬಿಣ, ಇಟ್ಟಿಗೆಗಳ ರೂಪಕ್ಕೆ ತರುವುದು ನಕ್ಷೆಯಿಲ್ಲದೆ ಆಗುವ ಕೆಲಸವಲ್ಲ.

ಆದರೆ ಎರಕದ ಕೆಲಸದ ಒಳಹೊಕ್ಕು ನೋಡಿದರೆ, ಅಲ್ಲಿ ನಕ್ಷೆ ಒಂದೇ ಇರಲಿಲ್ಲವೆಂಬುದು ತಿಳಿಯುತ್ತದೆ. ಎರಕ ಹೊಯ್ಯಬೇಕಾದ ಯಾವುದೇ ಭಾಗಕ್ಕೆ ಮೊದಲು ಮರದಲ್ಲಿ ಒಂದು ಮಾದರಿ ಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಪೊಳ್ಳೇ ಅಚ್ಚು. ಆ ಪೊಳ್ಳಿಗೆ ಕರಗಿದ ಕಬ್ಬಿಣ ಹೊಯ್ದರೆ ವಸ್ತು ಸಿದ್ಧ. ಈ ಮರದ ಮಾದರಿ ಮಾಡುವವನು ಎರಕದ ಮನೆಯ ಅತ್ಯಂತ ಕುಶಲ ಕೆಲಸಗಾರರಲ್ಲಿ ಒಬ್ಬ. ಏಕೆಂದರೆ ನಕ್ಷೆಯಲ್ಲಿ ಬರೆಯದ ಎಷ್ಟೋ ವಿಷಯ ಅವನಿಗೆ ತಿಳಿದಿರಬೇಕು. ಕರಗಿದ ಕಬ್ಬಿಣ ಆರಿದಾಗ ಕುಗ್ಗುತ್ತದೆ. ಬೀಡುಕಬ್ಬಿಣಕ್ಕೆ ಅಡಿಗೆ ಸುಮಾರು ಅಂಗುಲದ ಎಂಟನೆಯ ಒಂದು ಪಾಲು, ಉಕ್ಕಿಗೆ ಅದರ ಇಮ್ಮಡಿ. ಆದ್ದರಿಂದ ಅವನ ಅಳತೆಪಟ್ಟಿಯೇ ಬೇರೆ; ಅದರ ಮೇಲಿನ ಅಡಿ ನಮ್ಮ ಅಡಿಗಿಂತ ಅಷ್ಟು ಉದ್ದ! ಮರಳು ಕುಸಿಯದಂತೆ ಮಾದರಿಯನ್ನು ಮೇಲೆತ್ತಲು ಬದಿಗಳನ್ನು ತುಸು ಓರೆ ಮಾಡಬೇಕು. ಚೂಪು ಮೂಲೆಗಳನ್ನು ದುಂಡಾಗಿಸಬೇಕು. ಒಳಗೆ ಟೊಳ್ಳಿರಬೇಕಾದಲ್ಲಿ ತಿರುಳು ಕೂರಲು ಚಾಚು ಬಿಡಬೇಕು.

ಇವೆಲ್ಲವನ್ನೂ ಮಾಡಿದ ಮೇಲೆ ಅವನು ಮಾದರಿಗೆ ಬಣ್ಣ ಬಳಿಯುತ್ತಾನೆ. ಯಂತ್ರದ ಮೇಲೆ ತೀಡಿ ನುಣುಪು ಮಾಡಬೇಕಾದ ಮುಖಕ್ಕೆ ಒಂದು ಬಣ್ಣ. ಹಾಗೆಯೇ ಬಿಡತಕ್ಕ ಮುಖಕ್ಕೆ ಇನ್ನೊಂದು. ತಿರುಳು ಕೂರುವ ಚಾಚಿಗೆ ಮತ್ತೊಂದು. ಮರಳಚ್ಚು ಮಾಡುವ ಕೂಲಿಯವನಿಗೆ ಅಕ್ಷರ ಬಾರದಿರಬಹುದು. ಆದರೆ ಬಣ್ಣ ನೋಡಿದ ಕೂಡಲೇ ತಾನು ಏನು ಮಾಡಬೇಕೆಂಬುದು ಅವನಿಗೆ ತಿಳಿಯುತ್ತದೆ. ಇಲ್ಲಿ ಮಾದರಿಯು ಕೇವಲ ಆಕಾರವನ್ನು ತೋರಿಸುವ ಬೊಂಬೆಯಲ್ಲ. ಕೆಲಸದ ಆಜ್ಞೆಗಳನ್ನು ಮೈಮೇಲೆ ಹೊತ್ತ ಪತ್ರ. ಮಾದರಿಯ ಪೂರ್ಣವಾದ ಉಪಯೋಗವೆಂದರೆ ಏನೆಂದು ಕೇಳಿದವರಿಗೆ ಎರಕದ ಮನೆಯನ್ನು ತೋರಿಸಬೇಕು.

ಇದೇ ಜಿಲ್ಲೆಯ ಇನ್ನೊಂದು ಉದಾಹರಣೆ ನೀರಿನಡಿಯಲ್ಲಿದೆ. ಸಾಗರ ತಾಲ್ಲೂಕಿನ ಮಡೆನೂರಿನ ಬಳಿ ಶರಾವತಿಗೆ ೧೯೩೯ರಿಂದ ೧೯೪೮ರವರೆಗೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆಯನ್ನು ಹಿರಿಯರು ಬಲ್ಲರು. ಜೋಗದ ವಿದ್ಯುದಾಗಾರಕ್ಕೆ ನೀರು ಒದಗಿಸಿದ್ದು ಅದು. ೧೯೬೪ರಲ್ಲಿ ಲಿಂಗನಮಕ್ಕಿಯ ಜಲಾಶಯ ತುಂಬಿದಾಗ ಹಳೆಯ ಅಣೆಕಟ್ಟೆ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ನೀರು ಇಳಿದಾಗ ಅದು ಮೇಲೆ ಕಾಣುತ್ತದೆ. ಜನ ತಂಡತಂಡವಾಗಿ ನೋಡಹೋಗುತ್ತಾರೆ. ಅಲ್ಲಿ ಅವರನ್ನು ಹೆಚ್ಚು ಬೆರಗುಗೊಳಿಸುವುದು ಅಣೆಕಟ್ಟೆಯ ಸೈಫನ್ನುಗಳು.

ಮೈಸೂರಿನ ಲೋಕೋಪಯೋಗಿ ಇಲಾಖೆಯ ಇಂಜಿನಿಯರ್ ಗಣೇಶ ಅಯ್ಯರ್ ಅವರು ಕಲ್ಪಿಸಿದ ಈ ಸುರುಳಿ ಸೈಫನ್ ಲೋಕದ ಇಂಜಿನಿಯರಿಂಗ್ ಗ್ರಂಥಗಳಲ್ಲಿ ಸ್ಥಾನ ಪಡೆದಿದೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯದಲ್ಲಿಯೂ ಅದನ್ನು ಕಾಣಬಹುದು. ಹಿರೇಭಾಸ್ಕರದಲ್ಲಿ ಅಂತಹವು ೧೧. ಅದರ ರಚನೆ ಹೀಗೆ: ನೆಟ್ಟಗೆ ನಿಂತ ಒಂದು ದಪ್ಪ ಕೊಳವೆ, ಅದರ ಬಾಯಿ ಆಲಿಕೆಯಂತೆ ಅರಳಿ, ಜಲಾಶಯ ತುಂಬುವ ಮಟ್ಟಕ್ಕೆ ಸರಿಯಾಗಿ ನಿಂತಿದೆ. ಮೇಲೆ ಗಂಟೆಯಾಕಾರದ ಗುಮ್ಮಟದ ಮುಚ್ಚಳ. ಆಲಿಕೆಯ ಇಳಿಜಾರಿನ ಮೇಲೆ ತಿರುಚಿದ ದಿಂಡುಗಳು. ನೀರು ಮಟ್ಟ ಮೀರಿದೊಡನೆ ಆಲಿಕೆಯೊಳಗೆ ಇಳಿಯತೊಡಗುತ್ತದೆ. ದಿಂಡುಗಳು ಅದಕ್ಕೆ ಸುಳಿಯ ಗತಿ ಕೊಡುತ್ತವೆ. ಸುಳಿಯು ಗುಮ್ಮಟದೊಳಗಿನ ಗಾಳಿಯನ್ನು ಹೀರಿಕೊಂಡು ಹೋಗುತ್ತದೆ. ಗಾಳಿ ಹೋದ ಮೇಲೆ ಸೈಫನ್ ತುಂಬಿ ಹರಿಯುತ್ತದೆ. ನೀರು ಇಳಿದಾಗ ಗಾಳಿ ನುಗ್ಗಿ ತಾನಾಗಿ ನಿಲ್ಲುತ್ತದೆ. ಬಾಗಿಲಿಲ್ಲ, ಯಂತ್ರವಿಲ್ಲ, ನಡುರಾತ್ರಿಯ ಮಳೆಯಲ್ಲಿ ಎದ್ದು ಹೋಗಿ ತಿರುಗಿಸುವ ಮನುಷ್ಯನೂ ಬೇಕಿಲ್ಲ.

ಇದನ್ನು ಕಾಗದದ ಮೇಲೆ ಹೇಗೆ ಬರೆಯುವುದು? ಕೊಳವೆ, ಆಲಿಕೆ, ಗುಮ್ಮಟ ಇವು ಕುಂಬಾರನ ತಿಗರಿಯ ಮೇಲೆ ತಿರುಗಿಸಿದ ಮಡಕೆಯಂತೆ ಎಲ್ಲ ಕಡೆಗೂ ಒಂದೇ ಸಮ. ನಡುವೆ ಸೀಳಿದ ಒಂದು ಅಡ್ಡಕೊಯ್ತವನ್ನು ಬರೆದರೆ ಸಾಕು. ಆದರೆ ಆ ತಿರುಚಿದ ದಿಂಡುಗಳು ಹಾಗಲ್ಲ. ಎಲ್ಲಿ ಸೀಳಿದರೂ ಅವುಗಳ ಒಂದು ತುಣುಕು ಮಾತ್ರ ಸಿಕ್ಕುತ್ತದೆ. ಇಳಿಯುತ್ತಲೂ ತಿರುಗುತ್ತಲೂ ಇರುವ ವಸ್ತುವಿಗೆ ನೇರವಾದ ನೋಟವೇ ಇಲ್ಲ. ಮೇಲಾಗಿ ಇಡೀ ರಚನೆಯ ಜೀವ ಇರುವುದು ಆ ದಿಂಡುಗಳಲ್ಲಿಯೇ. ಇಂತಹ ಕಡೆ ಮಾದರಿಯನ್ನು ಕಟ್ಟಿ, ನೀರು ಹರಿಸಿ ನೋಡುವುದೇ ಖಚಿತವಾದ ದಾರಿ.

ನೀರಿನ ಮಾದರಿಗೆ ತನ್ನದೇ ಆದ ಗಣಿತವುಂಟು. ಇಪ್ಪತ್ತೈದರಲ್ಲಿ ಒಂದು ಪಾಲಿನ ಅಳತೆಯಲ್ಲಿ ಕಟ್ಟಿದ ಮಾದರಿಯಲ್ಲಿ ನೀರಿನ ವೇಗ ಇಪ್ಪತ್ತೈದರಲ್ಲಿ ಒಂದಾಗುವುದಿಲ್ಲ; ಐದರಲ್ಲಿ ಒಂದಾಗುತ್ತದೆ. ಹರಿವಿನ ಪ್ರಮಾಣವಾದರೋ ೩,೧೨೫ರಲ್ಲಿ ಒಂದು ಪಾಲು. ಈ ಲೆಕ್ಕ ತಿಳಿದವನಿಗೆ ಅಂಗಳದ ತೊಟ್ಟಿಯಲ್ಲಿ ಪ್ರವಾಹವೊಂದರ ವರ್ತನೆ ಗೋಚರವಾಗುತ್ತದೆ. ಕೃಷ್ಣರಾಜಸಾಗರದಲ್ಲಿ ೧೯೪೦ರ ದಶಕದಲ್ಲಿ ಹುಟ್ಟಿದ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರ ನಮ್ಮ ನಾಡಿನಲ್ಲಿ ಈ ವಿದ್ಯೆಯನ್ನು ಬೆಳೆಸಿತು. ಮಾದರಿ ಕಟ್ಟಿ ತಿಳಿದುದನ್ನು ಮತ್ತೆ ನಕ್ಷೆಗೆ ಇಳಿಸಿ, ನಕ್ಷೆಯಿಂದ ಕಟ್ಟುವುದು ಇಲ್ಲಿಯ ಕ್ರಮ. ಒಂದು ಇನ್ನೊಂದಕ್ಕೆ ಪ್ರತಿಸ್ಪರ್ಧಿಯಲ್ಲ.

ಇನ್ನು ನಮ್ಮ ಕಾಲ. ಗಣಕಯಂತ್ರದ ಪರದೆಯ ಮೇಲೆ ಗೆರೆ ಎಳೆಯುವ ವಿದ್ಯೆಯನ್ನು ಅಮೆರಿಕದಲ್ಲಿ ಐವಾನ್ ಸದರ್ಲೆಂಡ್ ೧೯೬೩ರಲ್ಲಿ ತೋರಿಸಿದರು. ಮುಂದಿನ ದಶಕದಲ್ಲಿ ಚಾರ್ಲ್ಸ್ ಈಸ್ಟ್‌ಮನ್ ಎಂಬವರು ಇನ್ನೊಂದು ಹೆಜ್ಜೆ ಇಟ್ಟರು. ಗೆರೆಗಳನ್ನು ಬರೆಯುವುದಕ್ಕೆ ಬದಲು, ಗೋಡೆ, ತೊಲೆ, ಕಿಟಕಿಗಳನ್ನೇ ಯಂತ್ರದ ನೆನಪಿನಲ್ಲಿ ಘನವಸ್ತುಗಳಾಗಿ ಜೋಡಿಸಿ, ಬೇಕಾದ ನಕ್ಷೆಗಳನ್ನು ಅದರಿಂದಲೇ ಪಡೆಯಬಹುದೆಂಬುದು ಅವರ ಕಲ್ಪನೆ. ಅದು ಈಗ ಕೈಗೂಡಿದೆ. ಎಲ್ಲಿ ಬೇಕಾದರೂ ಕತ್ತಿಯಿಂದ ಸೀಳಿದಂತೆ ಅಡ್ಡಕೊಯ್ತ ತೆಗೆಯಬಹುದು. ಒಂದು ಬಾಗಿಲನ್ನು ಒಂದು ಅಡಿ ಸರಿಸಿದರೆ, ತಳನಕ್ಷೆ, ಎದುರುನೋಟ, ಅಡ್ಡಕೊಯ್ತ ಎಲ್ಲದರಲ್ಲಿಯೂ ಅದು ತಾನಾಗಿ ಸರಿಯುತ್ತದೆ. ಇಕ್ಕೇರಿಯ ಕಂಬಗಳ ತತ್ವವೇ ಇದು: ಮೂಲ ಒಂದು, ಉಳಿದೆಲ್ಲ ಅದರಿಂದ. ಬ್ರಿಟನ್ನಿನ ಸರ್ಕಾರ ೨೦೧೬ರಿಂದ ತನ್ನ ಕೇಂದ್ರ ಕಾಮಗಾರಿಗಳಿಗೆ ಈ ಪದ್ಧತಿಯನ್ನು ಕಡ್ಡಾಯ ಮಾಡಿತು. ಬೆಂಗಳೂರಿನ ಕಚೇರಿಗಳಲ್ಲಿ ಕುಳಿತ ನಮ್ಮ ತರುಣರು ಹೊರದೇಶಗಳ ಕಟ್ಟಡಗಳಿಗೆ ಇಂತಹ ಮಾದರಿಗಳನ್ನು ಸಿದ್ಧಪಡಿಸಿಕೊಡುವುದುಂಟು.

ಆದರೆ ವಿಚಿತ್ರವೊಂದನ್ನು ಗಮನಿಸಬೇಕು. ಇಷ್ಟೆಲ್ಲ ಶ್ರಮಪಟ್ಟು ಪರದೆಯ ಮೇಲೆ ಇಡೀ ಕಟ್ಟಡವನ್ನು ನಿಲ್ಲಿಸಿದ ಮೇಲೆ, ಅದರಿಂದ ಹೊರಗೆ ಬಂದು ಮೇಸ್ತ್ರಿಯ ಕೈಗೆ ಸೇರುವುದು ಏನು? ಮತ್ತೆ ಅದೇ ಚಪ್ಪಟೆ ಹಾಳೆಗಳು! ಮಾದರಿಯು ಕಚೇರಿಯಲ್ಲಿ ಉಳಿಯುತ್ತದೆ. ಕಟ್ಟಡದ ಯಜಮಾನನಿಗೆ ಬಣ್ಣದ ಒಂದು ಸುಂದರ ಚಿತ್ರ ಸಿಕ್ಕುತ್ತದೆ. ಮೇಸ್ತ್ರಿಗೆ ಮಾತ್ರ ಮೋಂಜನ ಕಾಲದ ಮೂರು ನೋಟಗಳು, ಅವುಗಳ ಮೇಲೆ ಇಂಗ್ಲಿಷಿನ ಸಂಕ್ಷೇಪಾಕ್ಷರಗಳು. ಕಂಬಿ ಕಟ್ಟುವವನು ಒಂದು ಭಾಷೆಯವನು, ನಲ್ಲಿ ಜೋಡಿಸುವವನು ಇನ್ನೊಂದು ಭಾಷೆಯವನು. ಬಚ್ಚಲುಮನೆಯ ಕೊಳವೆ ಇಳಿಯಬೇಕಾದ ಜಾಗದಲ್ಲಿ ತೊಲೆ ಬಂದಿದೆಯೆಂಬುದು ಕಾಂಕ್ರೀಟ್ ಹಾಕಿದ ಮೇಲೆ ಗೊತ್ತಾಗುತ್ತದೆ. ತೊಲೆಯನ್ನು ಕೊರೆಯುತ್ತಾರೆ, ಒಳಗಿನ ಕಂಬಿಗೆ ಏಟು ಬೀಳುತ್ತದೆ. ತಪ್ಪು ಯಾರದೆಂದರೆ ಕೊರೆದವನದೆಂದೇ ತೀರ್ಮಾನ. ಎರಡು ಹಾಳೆಗಳನ್ನು ಒಟ್ಟಿಗೆ ಓದಲು ಅವನಿಗೆ ಯಾರೂ ಕಲಿಸಿರಲಿಲ್ಲ. ಅದೇ ಜಾಗವನ್ನು ಘನರೂಪದಲ್ಲಿ ತೋರಿಸಿದ್ದರೆ ಓದುವ ಅಗತ್ಯವೇ ಇರುತ್ತಿರಲಿಲ್ಲ.

ಹಾಗಾದರೆ ಮಾಡಬೇಕಾದುದೇನು? ಹಾಳೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಬಿಸಿಲು, ಧೂಳು, ಸುಣ್ಣದ ನೀರಿನ ನಡುವೆ ಹಾಳೆಯಷ್ಟು ತಾಳಿಕೆಯ ಸಾಧನ ಇನ್ನೊಂದಿಲ್ಲ. ಮಾದರಿಯನ್ನು ಹಾಳೆಯ ಮೇಲೆಯೇ ತರಬೇಕೆಂಬುದು ನನ್ನ ಮಾತು. ತೊಡಕಾದ ಪ್ರತಿಯೊಂದು ಕೂಡುವೆಡೆಗೂ, ಮೆಟ್ಟಿಲು ತಿರುಗುವಲ್ಲಿ, ಮಾಡು ಗೋಡೆಗೆ ತಾಗುವಲ್ಲಿ, ತೊಲೆ ಕಂಬಗಳ ಕಂಬಿಗಳು ಸೇರುವಲ್ಲಿ, ಅಳತೆಯ ನಕ್ಷೆಯ ಪಕ್ಕದಲ್ಲಿ ಅದೇ ಮಾದರಿಯಿಂದ ತೆಗೆದ ಓರೆನೋಟವೊಂದು ಇರಲಿ. ಕೇಂಬ್ರಿಜಿನ ವಿಲಿಯಂ ಫ್ಯಾರಿಷ್ ೧೮೨೨ರಲ್ಲಿಯೇ ಅಂತಹ ನೋಟವನ್ನು ಅಳತೆ ಕೆಡದಂತೆ ಬರೆಯುವ ಕ್ರಮವನ್ನು ವಿವರಿಸಿದ್ದ. ಕೈಯಿಂದ ಬರೆಯುವ ಕಾಲದಲ್ಲಿ ಅದಕ್ಕೆ ದಿನಗಟ್ಟಲೆ ಹಿಡಿಯುತ್ತಿತ್ತು. ಈಗ ನಿಮಿಷಗಳ ಕೆಲಸ. ಕೆಲಸದ ಹಂತಗಳನ್ನೂ ಒಂದಾದ ಮೇಲೆ ಒಂದರಂತೆ ಚಿತ್ರಿಸಬಹುದು: ಮೊದಲು ಇದು, ಆಮೇಲೆ ಇದು, ಕೊನೆಗೆ ಇದು. ಎರಕದ ಮನೆಯ ಬಣ್ಣಗಳಂತೆ ನೀರಿಗೆ ಒಂದು ಬಣ್ಣ, ವಿದ್ಯುತ್ತಿಗೆ ಒಂದು, ಕಂಬಿಗೆ ಒಂದು ಇರಲಿ. ಬರಹವಿದ್ದರೆ ಕನ್ನಡದಲ್ಲಿ ಇರಲಿ. ಮೇಸ್ತ್ರಿಯ ಜೇಬಿನಲ್ಲಿ ಇಂದು ಫೋನು ಇದ್ದೇ ಇದೆ. ಮಾದರಿಯನ್ನು ಅದರಲ್ಲಿ ತಿರುಗಿಸಿ ನೋಡುವ ಅವಕಾಶವನ್ನು ಅವನಿಗೆ ಕೊಡಬಾರದೇಕೆ?

ಎಚ್ಚರಿಕೆಗಳೂ ಉಂಟು. ಓರೆನೋಟದ ಮೇಲೆ ಅಳತೆಪಟ್ಟಿ ಇಡತಕ್ಕದ್ದಲ್ಲ. ಅಳತೆಯನ್ನು ಒಂದೇ ಕಡೆ ಬರೆಯಬೇಕು, ಅದು ಅಂಕೆಯಲ್ಲಿ ಇರಬೇಕು. ಅಂದಕ್ಕಾಗಿ ಹತ್ತು ಚಿತ್ರಗಳನ್ನು ತುಂಬಿದರೆ ಬೇಕಾದ ಒಂದು ಮರೆಯಾಗುತ್ತದೆ. ಕಟ್ಟುವಾಗ ಸ್ಥಳದಲ್ಲಿ ಮಾಡಿದ ಬದಲಾವಣೆಯನ್ನು ಮಾದರಿಯಲ್ಲಿಯೂ ಮಾಡದಿದ್ದರೆ ಮುಂದೆ ಅದು ದಾರಿ ತಪ್ಪಿಸುತ್ತದೆ. ಕರಾರಿನಲ್ಲಿ ಹಾಳೆಗೆ ಮಾತ್ರ ಬೆಲೆಯಿದ್ದು, ಮಾದರಿಯನ್ನು ಕೇವಲ ತಿಳಿವಳಿಕೆಗೆಂದು ಇಟ್ಟಲ್ಲಿ, ಅದನ್ನು ಸರಿಯಾಗಿಡುವ ಶ್ರದ್ಧೆ ಯಾರಿಗೂ ಇರುವುದಿಲ್ಲ. ಇದು ಯಂತ್ರದ ದೋಷವಲ್ಲ, ಏರ್ಪಾಡಿನ ದೋಷ.

ಶಿವಮೊಗ್ಗೆಯ ಹೊರವಲಯದ ಸೋಗಾನೆಯಲ್ಲಿ ೨೦೨೩ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಕುವೆಂಪು ವಿಮಾನ ನಿಲ್ದಾಣದ ಕಟ್ಟಡ ಕಮಲದ ಆಕಾರದ್ದು. ಆಕಾಶದಿಂದ ಇಳಿಯುವವರಿಗೆ ದಳಗಳು ಕಾಣುತ್ತವೆ. ಬಾಗಿಲಿನ ಎದುರು ನಿಂತವರಿಗೆ ಕಾಣುವುದೇ ಬೇರೆ. ಕಟ್ಟಡಗಳ ರೂಪ ಹೀಗೆ ದಿನದಿನಕ್ಕೆ ತೊಡಕಾಗುತ್ತಿರುವಾಗ, ನೆಲದ ಮೇಲೆ ನಿಂತು ಕಟ್ಟುವವನಿಗೂ ಎಲ್ಲ ಕಡೆಯಿಂದ ನೋಡುವ ಹಕ್ಕು ಬೇಕು. ಬಳ್ಳಿಗಾವೆಯ ದಾಸೋಜನಿಗೆ ಅದು ಇತ್ತು. ಭದ್ರಾವತಿಯ ಎರಕದ ಮನೆಯ ಮರಳಿನವನಿಗೂ ಇತ್ತು. ಇಂದಿನ ಮೇಸ್ತ್ರಿಗೆ ಅದನ್ನು ಕೊಡುವ ಸಾಧನ ನಮ್ಮ ಕೈಗೆ ಬಂದಿರುವಾಗಲೂ ನಾವು ಕೊಡದಿದ್ದರೆ, ಅದಕ್ಕೆ ಕಾರಣ ನಮ್ಮ ಅಭ್ಯಾಸವೊಂದೇ.

ಮನೆ ಕಟ್ಟಿಸುವವರಿಗೆ ಒಂದು ಸೂಚನೆ ಹೇಳಿ ಮುಗಿಸುತ್ತೇನೆ. ಇಂಜಿನಿಯರರು 'ಮನೆ ಹೀಗೆ ಕಾಣುತ್ತದೆ' ಎಂದು ಬಣ್ಣದ ಚಿತ್ರ ತೋರಿಸಿದಾಗ ಸಂತೋಷಪಡಿರಿ. ಆದರೆ ಅಷ್ಟಕ್ಕೇ ನಿಲ್ಲದೆ, 'ಇದರಿಂದ ಮೇಸ್ತ್ರಿಗೆ ಏನೇನು ತೆಗೆದುಕೊಟ್ಟಿದ್ದೀರಿ?' ಎಂದು ಕೇಳಿರಿ. ಹೆಂಚಿನ ಮಾಡಾಗಿದ್ದರೆ, ಮೂಲೆಪಕಾಸಿಯ ನಿಜವಾದ ಉದ್ದ ಅದರಲ್ಲಿ ಎಲ್ಲಿ ಬರೆದಿದೆಯೆಂದು ತಪ್ಪದೆ ಕೇಳಿರಿ.